ಎಲೆಕ್ಟ್ರಾನನ್ನು ಹಿಡಿದ ಮಿಂಚು

ರಾಯಚೂರಿನ ಬೇಸಗೆಯು ಕನ್ನಡನಾಡಿನಲ್ಲೆಲ್ಲ ಹೆಸರಾದದ್ದು. ಉಷ್ಣಮಾನವು ನಲವತ್ತು ಡಿಗ್ರಿಯನ್ನು ದಾಟಿದ ದಿನಗಳಲ್ಲಿ ಹಗಲೆಲ್ಲ ಕಾದ ಕಲ್ಲುಗೋಡೆಗಳು ಇರುಳಿನಲ್ಲಿಯೂ ಬಿಸಿಯನ್ನು ಸೂಸುತ್ತಿರುತ್ತವೆ. ಆಗ ಮನೆಮಂದಿಗೆಲ್ಲ ತಲೆಯ ಮೇಲೆ ತಿರುಗುವ ಫ್ಯಾನೊಂದೇ ಆಸರೆ. ಅದನ್ನು ದಿಟ್ಟಿಸಿ ನೋಡಿದರೆ ರೆಕ್ಕೆಗಳು ಕಾಣುವುದಿಲ್ಲ. ಮಸಕಾದ ಒಂದು ಚಕ್ರ ಮಾತ್ರ ಕಾಣುತ್ತದೆ. ಆದರೆ ಮುಂಗಾರಿಗೆ ಮುನ್ನ ಗುಡುಗು ಮಿಂಚುಗಳು ಬರುವ ರಾತ್ರಿ, ದೀಪವಾರಿಸಿದ ಕೋಣೆಯಲ್ಲಿ ಮಲಗಿದವರು ಒಂದು ಸೋಜಿಗವನ್ನು ಕಂಡಿರಬಹುದು. ಕಿಟಕಿಯ ಹೊರಗೆ ಫಕ್ಕನೆ ಮಿಂಚು ಹೊಳೆದಾಗ ಫ್ಯಾನು ನಿಂತೇ ಹೋದಂತೆ ತೋರುತ್ತದೆ. ಒಂದೊಂದು ರೆಕ್ಕೆಯೂ ಸ್ಫುಟವಾಗಿ ಕಂಡು ಮರೆಯಾಗುತ್ತದೆ.

ಫ್ಯಾನು ನಿಂತಿರುವುದಿಲ್ಲ. ಮಿಂಚಿನ ಒಂದು ಹೊಡೆತ ಬೆಳಗುವ ಕಾಲವು ಬಹಳ ಅಲ್ಪವಾದ ಕಾರಣ ಅಷ್ಟರೊಳಗೆ ರೆಕ್ಕೆಯು ಕೂದಲೆಳೆಯಷ್ಟು ಸರಿದಿರುತ್ತದೆ, ಅಷ್ಟೆ. ಇದರಿಂದ ನಾವು ಕಲಿಯಬೇಕಾದ ಪಾಠವೊಂದುಂಟು. ವೇಗವಾಗಿ ಚಲಿಸುವ ವಸ್ತುವನ್ನು ಕಾಣಬೇಕಾದರೆ ಕಣ್ಣು ಚುರುಕಾಗಿದ್ದರೆ ಸಾಲದು; ಅದರ ಮೇಲೆ ಬೀಳುವ ಬೆಳಕು ಅದರ ಚಲನೆಗಿಂತ ಕ್ಷಣಿಕವಾಗಿರಬೇಕು. ಈ ಸರಳವಾದ ಪಾಠವನ್ನು ಹಿಡಿದುಕೊಂಡೇ ವಿಜ್ಞಾನಿಗಳು ಕಳೆದ ನಲವತ್ತು ವರ್ಷಗಳಲ್ಲಿ ಪರಮಾಣುವಿನ ಒಳಗಿರುವ ಎಲೆಕ್ಟ್ರಾನಿನವರೆಗೆ ನಡೆದುಹೋಗಿದ್ದಾರೆ. ಆ ನಡಿಗೆಯ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತೇವೆ.

ಕಾಲದ ಚೂರುಗಳು

ಎಲೆಕ್ಟ್ರಾನು ಎಷ್ಟು ಬೇಗ ಓಡಾಡುತ್ತದೆ? ಪರಮಾಣುಗಳಲ್ಲೆಲ್ಲ ಸರಳವಾದ ಜಲಜನಕದ ಪರಮಾಣುವನ್ನು ತೆಗೆದುಕೊಳ್ಳೋಣ. ಶಾಲೆಯ ಪುಸ್ತಕದ ಚಿತ್ರದಲ್ಲಿರುವಂತೆ ಎಲೆಕ್ಟ್ರಾನು ಬೀಜವನ್ನು ಸುತ್ತುವುದೆಂದು ಭಾವಿಸಿದರೆ, ಒಂದು ಸುತ್ತಿಗೆ ಬೇಕಾಗುವ ಕಾಲ ಸುಮಾರು 150 ಅಟೋಸೆಕೆಂಡು. ಒಂದು ಸೆಕೆಂಡನ್ನು ಹತ್ತು ಸಾವಿರ ಕೋಟಿ ಕೋಟಿ ಭಾಗ ಮಾಡಿದರೆ ದೊರೆಯುವ ಒಂದು ಭಾಗಕ್ಕೆ ಅಟೋಸೆಕೆಂಡೆಂದು ಹೆಸರು. ಅಂಥ ಸಾವಿರ ಚೂರುಗಳು ಕೂಡಿದರೆ ಒಂದು ಫೆಮ್ಟೊಸೆಕೆಂಡು. ಈ ಬ್ರಹ್ಮಾಂಡವು ಹುಟ್ಟಿ ಸುಮಾರು 1,380 ಕೋಟಿ ವರ್ಷಗಳಾದುವೆಂದು ಲೆಕ್ಕ. ಅಂದಿನಿಂದ ಇಂದಿನವರೆಗೆ ಕಳೆದಿರುವ ಸೆಕೆಂಡುಗಳ ಸಂಖ್ಯೆಗಿಂತ ಒಂದೇ ಸೆಕೆಂಡಿನಲ್ಲಿ ಅಡಗಿರುವ ಅಟೋಸೆಕೆಂಡುಗಳ ಸಂಖ್ಯೆಯೇ ಹೆಚ್ಚು!

ಇನ್ನೊಂದು ಬಗೆಯಿಂದಲೂ ಇದನ್ನು ಮನಗಾಣಬಹುದು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಮಾನ್ವಿಯಿಂದ ರಾಯಚೂರಿಗೆ ಐವತ್ತು ಕಿಲೋಮೀಟರು ಎಂದು ಹಿಡಿದರೆ, ಬಸ್ಸಿಗೆ ಒಂದು ಗಂಟೆ ಬೇಕಾಗುವ ಆ ದಾರಿಯನ್ನು ಬೆಳಕು ಸೆಕೆಂಡಿನ ಆರು ಸಾವಿರದಲ್ಲೊಂದು ಪಾಲಿನಲ್ಲಿ ಮುಗಿಸುತ್ತದೆ. ಅಂಥ ಬೆಳಕು ಒಂದು ಫೆಮ್ಟೊಸೆಕೆಂಡಿನಲ್ಲಿ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲನ್ನೂ ದಾಟಲಾರದು. ಒಂದು ಅಟೋಸೆಕೆಂಡಿನಲ್ಲಿ ಅದು ಸರಿಯುವುದು ಒಂದೆರಡು ಪರಮಾಣುಗಳನ್ನು ಸಾಲಾಗಿ ಇಟ್ಟಷ್ಟು ದೂರ ಮಾತ್ರ. ಎಲೆಕ್ಟ್ರಾನುಗಳ ಸಂಸಾರವೆಲ್ಲ ನಡೆಯುವುದು ಕಾಲದ ಈ ಸಂದಿಗೊಂದಿಗಳಲ್ಲಿ. ಅಲ್ಲಿಗೆ ಬೆಳಕು ಚೆಲ್ಲುವ ಮಿಂಚನ್ನು ಎಲ್ಲಿಂದ ತರಬೇಕು?

ಕೋಟೆಯ ಬಾಗಿಲಿನ ಯುಕ್ತಿ

ಅಮೆರಿಕದ ಥಿಯೊಡರ್ ಮೇಮನ್ ಎಂಬ ವಿಜ್ಞಾನಿ 1960ರಲ್ಲಿ ಮಾಣಿಕ್ಯದ ಹರಳೊಂದರಿಂದ ಮೊದಲನೆಯ ಲೇಸರನ್ನು ಬೆಳಗಿಸಿದನು. ಸಾಮಾನ್ಯವಾದ ದೀಪದ ಬೆಳಕು ಜಾತ್ರೆಯ ಜನಜಂಗುಳಿಯಂತೆ. ಅಲೆಗಳು ತಮಗೆ ತೋಚಿದ ಕಡೆಗೆ ನುಗ್ಗುತ್ತಿರುತ್ತವೆ. ಲೇಸರಿನ ಬೆಳಕು ಹೆಜ್ಜೆಯಿಟ್ಟು ನಡೆಯುವ ದಂಡಿನಂತೆ; ಅಲೆಗಳೆಲ್ಲ ಒಂದೇ ತಾಳಕ್ಕೆ ಏರಿಳಿಯುತ್ತವೆ. ಈ ಶಿಸ್ತಿನಿಂದಾಗಿ ಬೆಳಕನ್ನು ತೀರ ಚಿಕ್ಕ ಸ್ಪಂದಗಳಾಗಿ ಕತ್ತರಿಸುವುದು ಸಾಧ್ಯವಾಯಿತು. ಎಂಬತ್ತರ ದಶಕದ ಹೊತ್ತಿಗೆ ಕೆಲವೇ ಫೆಮ್ಟೊಸೆಕೆಂಡುಗಳ ಸ್ಪಂದಗಳು ಪ್ರಯೋಗಶಾಲೆಗಳಲ್ಲಿ ಹುಟ್ಟಿದುವು. ಆದರೆ ಅವು ದುರ್ಬಲವಾಗಿದ್ದುವು. ಅವುಗಳನ್ನು ಬಲಪಡಿಸಲು ಹೋದರೆ, ಇಷ್ಟು ಅಲ್ಪಕಾಲದಲ್ಲಿ ಇಡುಕಿರಿದ ಶಕ್ತಿಯ ಪೆಟ್ಟನ್ನು ತಾಳಲಾರದೆ ಬಲಪಡಿಸುವ ಗಾಜೇ ಒಡೆದುಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಿದವರು 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿದ್ದ ಜೆರಾರ್ ಮೂರೂ ಮತ್ತು ಅವರ ವಿದ್ಯಾರ್ಥಿನಿ ಡೊನ್ನಾ ಸ್ಟ್ರಿಕ್ಲೆಂಡ್. ಅವರ ಯುಕ್ತಿಯನ್ನು ರಾಯಚೂರಿನವರಿಗೆ ಹೇಳುವುದು ಸುಲಭ. ನವರಂಗಿ ದರ್ವಾಜೆಯ ಮೂಲಕ ದೊಡ್ಡದೊಂದು ಗುಂಪು ಒಮ್ಮೆಗೇ ನುಗ್ಗಿದರೆ ತಳ್ಳಾಟ ತಪ್ಪದು. ಅಗಸೆಗೂ ಅಪಾಯ, ಜನಕ್ಕೂ ಅಪಾಯ. ಗುಂಪನ್ನು ಉದ್ದನೆಯ ಸಾಲಾಗಿ ಮಾಡಿ, ಒಬ್ಬೊಬ್ಬರನ್ನೇ ಬಾಗಿಲಿನಲ್ಲಿ ಹಾಯಿಸಿ, ಹಾಯುವಾಗ ಪ್ರತಿಯೊಬ್ಬರ ಕೈಗೂ ಒಂದು ಪಂಜನ್ನು ಕೊಟ್ಟು, ಆಚೆಯ ಬಯಲಿನಲ್ಲಿ ಮತ್ತೆ ಎಲ್ಲರನ್ನೂ ಕೂಡಿಸಿದರೆ? ಬಾಗಿಲು ಉಳಿಯಿತು, ಗುಂಪು ಸಾವಿರ ಪಂಜುಗಳಿಂದ ಬೆಳಗಿತು. ಹಾಗೆಯೇ ಅವರು ಬೆಳಕಿನ ಸ್ಪಂದವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿದರು, ಹಿಗ್ಗಿದ ಸ್ಪಂದವನ್ನು ಮೆಲ್ಲನೆ ಬಲಪಡಿಸಿದರು, ಕೊನೆಗೆ ಮೊದಲಿನಂತೆ ಕುಗ್ಗಿಸಿದರು. 2018ರಲ್ಲಿ ಈ ಸಾಧನೆಗಾಗಿ ಇಬ್ಬರಿಗೂ ನೊಬೆಲ್ ಪಾರಿತೋಷಿಕವು ದೊರೆಯಿತು.

ಹೀಗೆ ಕುಗ್ಗಿಸಿದ ಸ್ಪಂದದ ಬಲವೆಷ್ಟು? ಒಂದು ಗ್ರಾಂ ತೂಕದ ಚಿಟಿಕೆ ಅಕ್ಕಿಯನ್ನು ಹತ್ತು ಸೆಂಟಿಮೀಟರು ಮೇಲಕ್ಕೆತ್ತಲು ಬೇಕಾಗುವ ಶಕ್ತಿ ಅತ್ಯಲ್ಪವಾದದ್ದು. ಅಷ್ಟೇ ಶಕ್ತಿಯನ್ನು ಮೂವತ್ತು ಫೆಮ್ಟೊಸೆಕೆಂಡುಗಳೊಳಗೆ ಇಡುಕಿದರೆ, ಆ ಮೂವತ್ತು ಫೆಮ್ಟೊಸೆಕೆಂಡುಗಳ ಮಟ್ಟಿಗೆ ಅದರ ಸಾಮರ್ಥ್ಯವು 3,300 ಕೋಟಿ ವ್ಯಾಟುಗಳಾಗುತ್ತದೆ. ಕೃಷ್ಣೆಯ ದಂಡೆಯಲ್ಲಿ ನಿಂತಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್, ಎಂದರೆ 172 ಕೋಟಿ ವ್ಯಾಟು. ಅಂಥ ಹತ್ತೊಂಬತ್ತು ಕೇಂದ್ರಗಳನ್ನು ಒಟ್ಟುಗೂಡಿಸಿದಷ್ಟು ಬಿರುಸು ಮೇಜಿನ ಮೇಲಿನ ಆ ಬೆಳಕಿನ ಚೂರಿಗೆ! ಕರೆಂಟಿನ ಬಿಲ್ಲು ಮಾತ್ರ ಏರದು. ಏಕೆಂದರೆ ಆ ಬಿರುಸು ಉಳಿಯುವ ಕಾಲವು ಅಷ್ಟು ಕಿರಿದು.

ಉಯ್ಯಾಲೆ ಮತ್ತು ತಂಬೂರಿ

ಇಂಥ ಬೆಳಕು ಪರಮಾಣುವಿನ ಮೇಲೆ ಬಿದ್ದರೆ ಆಗುವುದೇನು? ಬೆಳಕೆಂದರೆ ವಿದ್ಯುತ್ ಮತ್ತು ಕಾಂತಗಳ ಅಲೆ. ಬೀಜದ ಸೆಳೆತವು ಎಲೆಕ್ಟ್ರಾನನ್ನು ಹಿಡಿದಿಟ್ಟಿರುತ್ತದೆ. ಜಲಜನಕದಲ್ಲಿ ಆ ಸೆಳೆತದ ವಿದ್ಯುತ್ ಕ್ಷೇತ್ರವು ಮೀಟರಿಗೆ ಸುಮಾರು ಐವತ್ತು ಸಾವಿರ ಕೋಟಿ ವೋಲ್ಟುಗಳಷ್ಟು. ಬಿಸಿಲಿನ ಬೆಳಕಿಗೆ ಈ ಹಿಡಿತವನ್ನು ಅಲುಗಿಸುವ ತ್ರಾಣವಿಲ್ಲ. ಬಿರುಸಾದ ಲೇಸರ್ ಸ್ಪಂದದ ಕ್ಷೇತ್ರವಾದರೋ ಆ ಸೆಳೆತಕ್ಕೆ ಹೆಗಲೆಣೆಯಾಗಿ ನಿಲ್ಲುತ್ತದೆ. ಅಲೆಯು ಏರಿದಾಗ ಎಲೆಕ್ಟ್ರಾನು ಪರಮಾಣುವಿನಿಂದ ಹೊರಕ್ಕೆ ಸೆಳೆಯಲ್ಪಡುತ್ತದೆ. ಆದರೆ ಅಲೆಯ ಸ್ವಭಾವವೇ ದಿಕ್ಕು ಬದಲಿಸುವುದು. ಒಂದು ಫೆಮ್ಟೊಸೆಕೆಂಡು ಕಳೆಯುವಷ್ಟರಲ್ಲಿ ಸೆಳೆತವು ತಿರುಗುಮುರುಗಾಗಿ, ಹೊರಹೋದ ಎಲೆಕ್ಟ್ರಾನು ಉಯ್ಯಾಲೆಯಂತೆ ಹಿಂದಕ್ಕೆ ಬಂದು ತವರಾದ ಪರಮಾಣುವಿಗೇ ಅಪ್ಪಳಿಸುತ್ತದೆ. ದಾರಿಯಲ್ಲಿ ಗಳಿಸಿದ ಶಕ್ತಿಯನ್ನೆಲ್ಲ ಆಗ ಅದು ಒಂದು ಹೊಸ ಬೆಳಕಿನ ಕಿಡಿಯಾಗಿ ಕಾರುತ್ತದೆ. ಈ ಮೂರು ಹೆಜ್ಜೆಗಳ ವಿವರಣೆಯನ್ನು 1993ರಲ್ಲಿ ಕೆನಡಾದ ಪಾಲ್ ಕಾರ್ಕಮ್ ಸ್ಪಷ್ಟಪಡಿಸಿದರು.

ಆ ಹೊಸ ಬೆಳಕನ್ನು ಅದಕ್ಕೂ ಮುನ್ನವೇ, 1987ರಲ್ಲಿ, ಫ್ರಾನ್ಸಿನಲ್ಲಿ ಆನ್ ಲುಯಿಲಿಯೇ ಎಂಬ ತರುಣ ವಿಜ್ಞಾನಿಯೂ ಅವರ ಸಂಗಡಿಗರೂ ಕಂಡಿದ್ದರು. ಆರ್ಗಾನ್ ಮೊದಲಾದ ಅನಿಲಗಳ ಮೂಲಕ ಕಣ್ಣಿಗೆ ಕಾಣದ ಅವಕೆಂಪು ಲೇಸರನ್ನು ಹಾಯಿಸಿದಾಗ ಅದರ ಕಂಪನಕ್ಕಿಂತ ಮೂರರಷ್ಟು, ಐದರಷ್ಟು, ಏಳರಷ್ಟು ಎಂದು ಬೆಸಸಂಖ್ಯೆಯ ಮಟ್ಟಿಲುಗಳಲ್ಲಿ ಏರುವ ಬೆಳಕುಗಳು ಹೊರಬಂದುವು. ಹೆಚ್ಚಿನ ಮಟ್ಟಿಲುಗಳು ಬರುಬರುತ್ತ ಕ್ಷೀಣಿಸಬೇಕೆಂದು ಎಲ್ಲರೂ ಎಣಿಸಿದ್ದರೆ, ಬಹುದೂರದವರೆಗೆ ಅವು ಸಮಬಲವಾಗಿಯೇ ನಿಂತುವು.

ತಂಬೂರಿಯ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಹೊಮ್ಮುವುದನ್ನು ಸಂಗೀತ ಬಲ್ಲವರು ಅರಿತಿದ್ದಾರೆ. ತಂಬೂರಿ ಮತ್ತು ವೀಣೆಗಳ ಈ ಉಪಸ್ವರಗಳನ್ನು, ಮೃದಂಗದ ಕರಣೆಯ ಗುಟ್ಟನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗರು ಮುಂದೆ ಬೆಂಗಳೂರಿನವರೇ ಆದ ಸರ್ ಸಿ. ವಿ. ರಾಮನ್. ಪರಮಾಣುವೂ ಬಿರುಸಾದ ಬೆಳಕಿನ ಕೈಯಲ್ಲಿ ಒಂದು ತಂಬೂರಿಯೇ ಎಂದರೆ ತಪ್ಪಾಗದು.

ಉಪಸ್ವರಗಳಿಂದ ಪ್ರಯೋಜನವೇನೆಂದು ಕೇಳಬಹುದು. ಕಣ್ಣಿಗೆ ಕಾಣುವ ಬೆಳಕಿನ ಒಂದು ಅಲೆಯು ಏರಿಳಿದು ಮುಗಿಯಲು ಸುಮಾರು ಎರಡು ಫೆಮ್ಟೊಸೆಕೆಂಡು ಬೇಕು. ಒಂದು ಅಲೆಗಿಂತ ಬಹಳ ಕಿರಿದಾದ ಸ್ಪಂದವನ್ನು ಆ ಅಲೆಯಿಂದಲೇ ಮಾಡುವುದು ಸಾಧ್ಯವಿಲ್ಲ. ಅಟೋಸೆಕೆಂಡಿಗೆ ಇಳಿಯಬೇಕಾದರೆ ಅದಕ್ಕಿಂತ ಬೇಗ ಕಂಪಿಸುವ ಬೆಳಕುಗಳು ಬೇಕು. ಒಂದಲ್ಲ, ಹಲವು ಬೇಕು. ಅವೆಲ್ಲ ಒಂದೇ ತಾಳದಲ್ಲಿ ಕೂಡಬೇಕು. ಉಪಸ್ವರಗಳು ಕೊಟ್ಟದ್ದು ಇದನ್ನೇ. 2001ರಲ್ಲಿ ಫ್ರಾನ್ಸಿನ ಪಿಯರ್ ಅಗೊಸ್ಟಿನಿಯವರು 250 ಅಟೋಸೆಕೆಂಡುಗಳ ಸ್ಪಂದಗಳ ಸಾಲನ್ನೇ ಅಳೆದು ತೋರಿಸಿದರು. ಅದೇ ವರ್ಷ ವಿಯೆನ್ನಾದಲ್ಲಿ ಹಂಗೇರಿ ಮೂಲದ ಫೆರೆಂಕ್ ಕ್ರೌಸ್ ಅವರ ತಂಡವು 650 ಅಟೋಸೆಕೆಂಡುಗಳ ಒಂಟಿ ಸ್ಪಂದವನ್ನು ಬೇರ್ಪಡಿಸಿತು. 2023ರ ನೊಬೆಲ್ ಪಾರಿತೋಷಿಕವನ್ನು ಲುಯಿಲಿಯೇ, ಅಗೊಸ್ಟಿನಿ, ಕ್ರೌಸ್ ಮೂವರೂ ಹಂಚಿಕೊಂಡರು.

ಈ ಮಿಂಚಿನಲ್ಲಿ ಕಂಡದ್ದೇನು? ಬೆಳಕು ಬಿದ್ದೊಡನೆ ವಸ್ತುವಿನಿಂದ ಎಲೆಕ್ಟ್ರಾನು ಹೊರಬೀಳುವುದನ್ನು 1905ರಲ್ಲಿ ಐನ್‌ಸ್ಟೈನರು ವಿವರಿಸಿದ್ದರು. ಆ 'ಒಡನೆ' ಎಂಬುದರಲ್ಲಿ ಕಾಲವೇ ಇಲ್ಲವೆಂಬುದು ಬಹುಕಾಲದ ನಂಬಿಕೆಯಾಗಿತ್ತು. 2010ರಲ್ಲಿ ನಿಯಾನ್ ಅನಿಲದ ಮೇಲೆ ನಡೆದ ಪ್ರಯೋಗದಲ್ಲಿ, ಒಂದೇ ಪರಮಾಣುವಿನ ಎರಡು ಬೇರೆ ಬೇರೆ ನೆಲೆಗಳಿಂದ ಹೊರಟ ಎಲೆಕ್ಟ್ರಾನುಗಳ ನಡುವೆ ಸುಮಾರು 20 ಅಟೋಸೆಕೆಂಡುಗಳ ಅಂತರವುಂಟೆಂದು ಕಂಡಿತು. ಕಾಲವೇ ಇಲ್ಲವೆಂದುಕೊಂಡಿದ್ದ ಎಡೆಯಲ್ಲಿಯೂ ಕಾಲವಿತ್ತು. ಅಳೆಯುವ ಕೋಲು ಮಾತ್ರ ಇರಲಿಲ್ಲ.

ಕಲ್ಲಿನೊಳಗಿನ ಕೋಲಾಹಲ

ಇದುವರೆಗೆ ಹೇಳಿದುದು ಒಂಟಿಯಾಗಿ ಅಲೆಯುವ ಅನಿಲದ ಪರಮಾಣುಗಳ ಮಾತು. ಘನವಸ್ತುವಿನಲ್ಲಿ ಪರಮಾಣುಗಳು ಒತ್ತೊತ್ತಾಗಿ ಒಕ್ಕಲು ಮಾಡಿಕೊಂಡಿರುತ್ತವೆ. ಅಲ್ಲಿ ಎಲೆಕ್ಟ್ರಾನು ಮನೆಬಿಟ್ಟರೆ ಬಯಲಿಗೆ ಬೀಳುವುದಿಲ್ಲ. ನೆರೆಮನೆಯ ಅಂಗಳಕ್ಕೆ ಬರುತ್ತದೆ.

ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಬಂಡೆಗಲ್ಲಿಗೇನೂ ಬರವಿಲ್ಲ. ರಾಯಚೂರಿನ ಕೋಟೆಯಲ್ಲಿ 1294ರ ಶಾಸನವನ್ನು ಹೊತ್ತ ನಲವತ್ತು ಅಡಿಗೂ ಮಿಕ್ಕ ಉದ್ದದ ಕಲ್ಲನ್ನೂ, ಅದನ್ನು ಬಂಡಿಯ ಮೇಲೆ ಸಾಗಿಸಿದ ಬಗೆಯನ್ನು ಕೆತ್ತಿರುವ ಚಿತ್ರವನ್ನೂ ನೋಡದವರು ವಿರಳ. ಈ ಸೀಮೆಯ ಗ್ರಾನೈಟ್ ಕಲ್ಲನ್ನು ಒಡೆದು ನೋಡಿದರೆ ಗಾಜಿನಂತೆ ಮಿನುಗುವ ಕಣಗಳು ಕಾಣುತ್ತವೆ. ಅವು ಬೆಣಚುಕಲ್ಲು. ಹಟ್ಟಿಯ ಗಣಿಯಲ್ಲಿ ಚಿನ್ನವು ಸಿಕ್ಕುವುದೂ ಬೆಣಚಿನ ಎಳೆಗಳ ಒಡನಾಟದಲ್ಲಿಯೇ. ಸಿಲಿಕಾನ್ ಮತ್ತು ಆಮ್ಲಜನಕಗಳು ಕೂಡಿ ಆದ ಈ ವಸ್ತುವಿನಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ನೆಲೆಗಳಿಗೆ ಬಿಗಿಯಾಗಿ ಕಟ್ಟುಬಿದ್ದಿರುವುದರಿಂದ ವಿದ್ಯುತ್ತು ಹರಿಯುವುದಿಲ್ಲ.

ಇದೇ ಸಿಲಿಕಾದಿಂದಾದ ಗಾಜನ್ನು 2013ರಲ್ಲಿ ಜರ್ಮನಿಯ ಗಾರ್ಶಿಂಗಿನಲ್ಲಿ ಕ್ರೌಸ್ ಅವರ ತಂಡವು ಚಿನ್ನದ ಎರಡು ವಿದ್ಯುದ್ವಾರಗಳ ನಡುವೆ ಇರಿಸಿ, ಕೆಲವೇ ಫೆಮ್ಟೊಸೆಕೆಂಡುಗಳ ಬಿರುಸಾದ ಸ್ಪಂದವನ್ನು ಅದರ ಮೇಲೆ ಬೀಳಿಸಿತು. ವಿದ್ಯುತ್ತನ್ನು ಒಲ್ಲೆನೆನ್ನುವ ಆ ಗಾಜು ಫೆಮ್ಟೊಸೆಕೆಂಡಿನ ಆಸುಪಾಸಿನಲ್ಲಿ ವಾಹಕವಾಯಿತು. ಬೆಳಕು ದಾಟಿಹೋದೊಡನೆ ಮತ್ತೆ ಮೊದಲಿನಂತೆ ಅವಾಹಕವಾಯಿತು. ಅಷ್ಟೇ ಕ್ಷೇತ್ರವನ್ನು ಹೆಚ್ಚು ಹೊತ್ತು ಪ್ರಯೋಗಿಸಿದ್ದರೆ, ಬಿಡುಗಡೆಯಾದ ಒಂದು ಎಲೆಕ್ಟ್ರಾನು ಇನ್ನೊಂದನ್ನು ಬಡಿದೆಬ್ಬಿಸಿ, ಅವೆರಡೂ ನಾಲ್ಕನ್ನು ಎಬ್ಬಿಸಿ, ಗಾಜು ಕರಗಿ ಸುಟ್ಟುಹೋಗುತ್ತಿತ್ತು. ಸ್ಪಂದವು ಅಷ್ಟು ಬೇಗ ಮುಗಿದುದರಿಂದ ಈ ಕೋಲಾಹಲಕ್ಕೆ ಸಮಯವೇ ದೊರೆಯಲಿಲ್ಲ.

ಇದಕ್ಕೆ ಎರಡು ವರ್ಷ ಮುಂಚೆ, 2011ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶಂಭು ಘಿಮಿರೆ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ಹರಳಿನಿಂದಲೂ ಬೆಳಕಿನ ಉಪಸ್ವರಗಳು ಹೊಮ್ಮುವುದನ್ನು ಕಂಡಿದ್ದರು. ಚರ್ಮದ ಮುಲಾಮುಗಳಲ್ಲಿ ಬೆರೆಸುವ ಬಿಳಿಯ ಪುಡಿಯೂ ಇದೇ ವಸ್ತು. ಘನವಸ್ತುವಿನ ಉಪಸ್ವರಗಳನ್ನು ಪರೀಕ್ಷಿಸಿದರೆ ಅದರೊಳಗೆ ಎಲೆಕ್ಟ್ರಾನುಗಳು ನಡೆದ ದಾರಿಯನ್ನು ಊಹಿಸಬಹುದು; ತಂಬೂರಿಯ ನಾದವನ್ನು ಕೇಳಿ ತಂತಿಯ ಬಿಗಿತವನ್ನು ಅರಿಯುವಂತೆ.

ಇಂದಿನ ಗಣಕಯಂತ್ರಗಳ ಒಳಗೆ ವಿದ್ಯುತ್ತಿನ ಗುಂಡಿಗಳು ಸೆಕೆಂಡಿಗೆ ಕೆಲವು ನೂರು ಕೋಟಿ ಸಲ ಹತ್ತಿ ಆರುತ್ತವೆ. ಬೆಳಕಿನ ಅಲೆಯೇ ಗುಂಡಿಯನ್ನು ಒತ್ತುವಂತಾದರೆ ಆ ವೇಗವು ಲಕ್ಷಗಟ್ಟಲೆ ಪಾಲು ಹೆಚ್ಚಬಹುದೆಂಬುದು ವಿಜ್ಞಾನಿಗಳ ಆಸೆ. ಇದಿನ್ನೂ ಪ್ರಯೋಗಶಾಲೆಯ ಮೇಜನ್ನು ಬಿಟ್ಟು ಕದಲಿಲ್ಲ.

ಬೇಳೆ, ಎಲೆ, ಕಣ್ಣು

ಅಣುಗಳ ವಿಷಯವು ನಮ್ಮ ಬಾಳಿಗೆ ಇನ್ನಷ್ಟು ಹತ್ತಿರವಾದದ್ದು. ನಾವು ಉಣ್ಣುವ ತೊಗರಿಬೇಳೆಯ ಪ್ರೋಟೀನಿನಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲವಿದೆ. ನಮ್ಮ ದೇಹವು ಇದನ್ನು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. 2014ರಲ್ಲಿ ಇಟಲಿಯ ಮಿಲಾನಿನಲ್ಲಿ ಫ್ರಾನ್ಸೆಸ್ಕಾ ಕಲೆಗಾರಿ, ಮೌರೊ ನಿಸೋಲಿ ಮತ್ತು ಸಂಗಡಿಗರು ಈ ಅಣುವಿಗೆ ಅಟೋಸೆಕೆಂಡು ಸ್ಪಂದದ ಪೆಟ್ಟುಕೊಟ್ಟು ಒಂದು ಎಲೆಕ್ಟ್ರಾನನ್ನು ಕಿತ್ತರು. ಅದು ಬಿಟ್ಟುಹೋದ ತೆರಪು ಸುಮ್ಮನೆ ಒಂದೆಡೆ ನಿಲ್ಲಲಿಲ್ಲ. ಅಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಫೆಮ್ಟೊಸೆಕೆಂಡಿಗೆ ಒಮ್ಮೆಯಂತೆ ತೂಗಾಡಿತು. ಭಾರವಾದ ಬೀಜಗಳು ಇನ್ನೂ ಮೈಮುರಿದು ಏಳುವುದಕ್ಕೆ ಮುನ್ನವೇ ಎಲೆಕ್ಟ್ರಾನುಗಳ ಏರ್ಪಾಡೆಲ್ಲ ಬದಲಾಗಿರುತ್ತದೆ. ಅಣುವಿನ ಯಾವ ಕೊಂಡಿ ಕಳಚೀತು, ಯಾವುದು ಉಳಿದೀತು ಎಂಬುದಕ್ಕೆ ಈ ಮೊದಲ ಫೆಮ್ಟೊಸೆಕೆಂಡುಗಳಲ್ಲಿಯೇ ಬುನಾದಿ ಬೀಳುತ್ತದೆ. ವಿಕಿರಣವು ಜೀವಕೋಶಗಳಿಗೆ ಮಾಡುವ ಹಾನಿಯ ಮೂಲವನ್ನು ಅರಿಯಲು ಇಂಥ ಪ್ರಯೋಗಗಳು ಬೇಕಾಗಿವೆ.

ಅಣುಗಳು ಮುರಿಯುವುದನ್ನೂ ಕೂಡುವುದನ್ನೂ ಫೆಮ್ಟೊಸೆಕೆಂಡು ಸ್ಪಂದಗಳಿಂದ ಮೊದಲು ಕಂಡವರು ಈಜಿಪ್ಟಿನಲ್ಲಿ ಹುಟ್ಟಿದ ಅಹ್ಮದ್ ಜಿವೇಲ್. ಅವರಿಗೆ 1999ರ ನೊಬೆಲ್ ಪಾರಿತೋಷಿಕವು ಸಂದಿತು. ಅವರು ತೆರೆದ ದಾರಿಯಲ್ಲಿ ನಡೆದವರಿಂದ ನಮಗೆ ತಿಳಿದ ಸಂಗತಿಗಳು ಒಂದೆರಡಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರನ್ನು ಕುಡಿದು ಬೆಳೆಯುವ ಮಾನ್ವಿಯ ಭತ್ತದ ಗದ್ದೆಯಲ್ಲಿ, ಎಲೆಯ ಮೇಲೆ ಬಿದ್ದ ಬಿಸಿಲಿನ ಶಕ್ತಿಯು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುವುದು ಫೆಮ್ಟೊಸೆಕೆಂಡುಗಳ ಲೆಕ್ಕದಲ್ಲಿ. ಈ ಸಾಲನ್ನು ಓದುತ್ತಿರುವ ವಾಚಕರ ಕಣ್ಣಿನ ಪರದೆಯಲ್ಲಿ ಬೆಳಕನ್ನು ಹೀರಿದ ಅಣುವು ತನ್ನ ಆಕಾರವನ್ನು ತಿರುಚಿಕೊಳ್ಳಲು ತೆಗೆದುಕೊಳ್ಳುವ ಕಾಲ ಸುಮಾರು 200 ಫೆಮ್ಟೊಸೆಕೆಂಡು. ಅನ್ನವೂ ನೋಟವೂ ಆರಂಭವಾಗುವುದು ಹೀಗೆ.

ರೊಟ್ಟಿ ತಿರುವುವ ಕೈ

ಚಿಕಿತ್ಸೆಯಲ್ಲಿ ಈ ವಿದ್ಯೆಯು ಆಗಲೇ ಬಳಕೆಗೆ ಬಂದಿದೆ. ಕಾದ ಹೆಂಚಿನ ಮೇಲಿನ ಜೋಳದ ರೊಟ್ಟಿಯನ್ನು ನಮ್ಮ ಸೀಮೆಯ ಗೃಹಿಣಿಯು ಬರಿಯ ಬೆರಳಿನಿಂದಲೇ ಚಟಕ್ಕನೆ ತಿರುವಿಹಾಕುವುದನ್ನು ಎಲ್ಲರೂ ಕಂಡಿದ್ದೇವೆ. ಶಾಖವು ಬೆರಳಿಗೆ ಇಳಿಯುವುದಕ್ಕೆ ಮುನ್ನ ಕೆಲಸ ಮುಗಿದಿರುತ್ತದೆ. ಫೆಮ್ಟೊಸೆಕೆಂಡು ಲೇಸರಿನ ಗುಟ್ಟೂ ಅದೇ. ಬೆಳಕಿನ ಶಕ್ತಿಯನ್ನು ಮೊದಲು ಕುಡಿಯುವುವು ಎಲೆಕ್ಟ್ರಾನುಗಳು. ಅವು ಅದನ್ನು ಸುತ್ತಲಿನ ಪರಮಾಣುಗಳಿಗೆ ಬಿಸಿಯಾಗಿ ಹಂಚಲು ಸಾವಿರ ಫೆಮ್ಟೊಸೆಕೆಂಡುಗಳೋ ಅದಕ್ಕಿಂತ ಹೆಚ್ಚೋ ಬೇಕು. ಅಷ್ಟರಲ್ಲಿ ಸ್ಪಂದವು ಮುಗಿದಿರುತ್ತದೆ. ಆದುದರಿಂದ ಕಿರಣವು ಸೇರಿದ ಬಿಂದುವಿನಲ್ಲಿ ಮಾತ್ರ ಕತ್ತರಿಕೆಯಾಗಿ, ಸುತ್ತಲಿನ ಭಾಗವು ಸುಡದೆ ಉಳಿಯುತ್ತದೆ.

ಕನ್ನಡಕವನ್ನು ತೆಗೆಯಿಸುವ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಪಾರದರ್ಶಕ ಪಟಲವನ್ನು ತೆಳ್ಳಗೆ ಸೀಳಲು ಈ ಶತಮಾನದ ಆರಂಭದಿಂದ ಈ ಲೇಸರನ್ನು ಬಳಸುತ್ತಿದ್ದಾರೆ. ಕಣ್ಣಿನ ಪೊರೆಯ ಚಿಕಿತ್ಸೆಯ ಕೆಲವು ಹಂತಗಳಿಗೂ ಅದನ್ನು ಉಪಯೋಗಿಸುವುದುಂಟು. ಆದರೆ ಇಲ್ಲಿ ಗೃಹಸ್ಥರಿಗೆ ಒಂದು ಕಿವಿಮಾತು. ಪೊರೆಯ ವಿಷಯದಲ್ಲಿ ಯೂರೋಪಿನಲ್ಲಿ ನಡೆದ ದೊಡ್ಡ ಹೋಲಿಕೆಯ ಪರೀಕ್ಷೆಗಳಲ್ಲಿ, ಅನುಭವಿ ವೈದ್ಯರು ಮಾಡುವ ಈಗಿನ ರೂಢಿಯ ಶಸ್ತ್ರಚಿಕಿತ್ಸೆಗಿಂತ ಈ ಲೇಸರಿನಿಂದ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. ವೆಚ್ಚ ಮಾತ್ರ ಹೆಚ್ಚು. ಮನೆಯ ಹಿರಿಯರಿಗೆ ಪೊರೆ ತೆಗೆಯಿಸಬೇಕಾದಾಗ 'ಲೇಸರ್' ಎಂಬ ಹೆಸರಿಗೆ ಮರುಳಾಗಿ ಸಾಲಮಾಡಬೇಕಾದ ಅಗತ್ಯವಿಲ್ಲ.

ಕ್ರೌಸ್ ಅವರ ತಂಡವು ಇತ್ತೀಚೆಗೆ ಇನ್ನೊಂದು ಕೆಲಸದಲ್ಲಿ ತೊಡಗಿದೆ. ರಕ್ತದ ದ್ರವದ ಮೂಲಕ ಅವಕೆಂಪು ಸ್ಪಂದವನ್ನು ಹಾಯಿಸಿದರೆ, ಬಡಿದ ಘಂಟೆಯಂತೆ ಅದರಲ್ಲಿನ ಅಣುಗಳು ಸ್ಪಂದವು ಹೋದ ಮೇಲೂ ಕ್ಷಣಕಾಲ ಮಿಡಿಯುತ್ತಿರುತ್ತವೆ. ಆ ಮಿಡಿತದ ವ್ಯತ್ಯಾಸದಿಂದ ಅರ್ಬುದ ರೋಗವನ್ನು ಬೇಗ ಗುರುತಿಸಬಹುದೇ ಎಂಬುದು ಅವರ ಶೋಧನೆ. ಇದಿನ್ನೂ ಸಂಶೋಧನೆಯ ಮಾತು. ಆಸ್ಪತ್ರೆಯಲ್ಲಿ ಕೇಳಿದೊಡನೆ ಮಾಡುವ ಪರೀಕ್ಷೆಯಲ್ಲ.

ನಮ್ಮ ನಾಡಿನ ಪ್ರಯೋಗಶಾಲೆಗಳು

ಇದೆಲ್ಲವೂ ಹೊರದೇಶದ ಮಾತೇ ಎಂದು ವಾಚಕರು ನಿಟ್ಟುಸಿರು ಬಿಡಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ರಾಮನ್ನರು 1933ರಲ್ಲಿ ನಿರ್ದೇಶಕರಾಗಿ ಬಂದರು. ಅಣುವಿನ ಮೇಲೆ ಬಿದ್ದು ಚೆದುರಿದ ಬೆಳಕಿನಲ್ಲಿ ಆ ಅಣುವಿನ ಕಂಪನದ ಗುರುತಿರುವುದನ್ನು ಅವರು 1928ರಲ್ಲಿ ಕಂಡುಹಿಡಿದಿದ್ದರು. ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿ ಮತ್ತು ಅವರ ಶಿಷ್ಯರು ರಾಮನ್ ಪರಿಣಾಮವನ್ನು ಫೆಮ್ಟೊಸೆಕೆಂಡು ಸ್ಪಂದಗಳೊಡನೆ ಹೊಂದಿಸಿ, ಬೆಳಕನ್ನು ಹೀರಿದ ಅಣುವು ಕ್ಷಣಕ್ಷಣಕ್ಕೆ ಹೇಗೆ ಬದಲಾಗುವುದೆಂಬುದನ್ನು ಹಿಡಿಯುವ ಒಂದು ಹೊಸ ವಿಧಾನವನ್ನು 2009ರಲ್ಲಿ ಪ್ರಕಟಿಸಿದರು. ಅಲ್ಲಿಯೇ ಅಜಯ್ ಕುಮಾರ್ ಸೂದ್ ಅವರ ತಂಡವು ಗ್ರಾಫೀನ್ ಮೊದಲಾದ ಘನವಸ್ತುಗಳಲ್ಲಿ ಎಲೆಕ್ಟ್ರಾನುಗಳ ಅತಿವೇಗದ ವರ್ತನೆಯನ್ನು ಇಂಥ ಸ್ಪಂದಗಳಿಂದ ಪರೀಕ್ಷಿಸಿತು. ರಾಮನ್ನರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಬಿರುಸಾದ ಫೆಮ್ಟೊಸೆಕೆಂಡು ಲೇಸರುಗಳ ಕೆಲಸ ನಡೆದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜಿ. ರವೀಂದ್ರಕುಮಾರರಿಗೆ ಬಿರುಸು ಲೇಸರ್ ಮತ್ತು ವಸ್ತುಗಳ ಸಂಘರ್ಷವನ್ನು ಕುರಿತ ಶೋಧನೆಗಾಗಿ 2015ರ ಇನ್ಫೋಸಿಸ್ ಪಾರಿತೋಷಿಕವು ದೊರೆಯಿತು.

ಇನ್ನು ಉಳಿದದ್ದು ನಮ್ಮ ಮಕ್ಕಳ ಮಾತು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಅರವತ್ತು ಜನ ಮಾತ್ರ. ರಾಜ್ಯದಲ್ಲಿ ತೀರ ಹಿಂದುಳಿದ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರಿತ್ತು. ಆಮೇಲೆ ಕೆಲವು ಬಾಗಿಲುಗಳು ತೆರೆದಿವೆ. ಸಂವಿಧಾನದ 371-ಜೆ ವಿಧಿಯು ಈ ಭಾಗದ ವಿದ್ಯಾರ್ಥಿಗಳಿಗೆ ಸ್ಥಾನಗಳನ್ನು ಕಾಯ್ದಿರಿಸಲು ಅವಕಾಶ ಕೊಟ್ಟಿದೆ. 2019ರಲ್ಲಿ ರಾಯಚೂರಿಗೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಬಂದಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯು ಹನ್ನೆರಡನೆಯ ತರಗತಿ ಮುಗಿಸಿದವರನ್ನೂ 2011ರಿಂದ ಪದವಿಯ ವ್ಯಾಸಂಗಕ್ಕೆ ಸೇರಿಸಿಕೊಳ್ಳುತ್ತಿದೆ. ಆದರೆ ಬಾಗಿಲು ತೆರೆದಿದ್ದರೆ ಸಾಲದು. ಅತ್ತ ನಡೆಯಲು ಮನೆಯವರ ಒಪ್ಪಿಗೆಯೂ ಬೇಕು.

ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ ಚುರುಕಾದ ಹುಡುಗನಾಗಲಿ ಹುಡುಗಿಯಾಗಲಿ ಬೆಳೆದರೆ ಎರಡೇ ಪ್ರಶ್ನೆಗಳು: ಡಾಕ್ಟರೋ, ಇಂಜಿನಿಯರೋ? 'ಎಲೆಕ್ಟ್ರಾನು ಹೇಗೆ ಓಡುತ್ತದೆಂದು ನೋಡಬೇಕು' ಎಂದು ಮಗಳು ಹೇಳಿದರೆ 'ಅದರಿಂದ ಹೊಟ್ಟೆ ತುಂಬೀತೇ' ಎಂದು ಕೇಳುತ್ತೇವೆ. ಪ್ರಶ್ನೆಯು ನ್ಯಾಯವಾದದ್ದೇ. ಸಂಶೋಧನೆಯ ಹಾದಿ ದೀರ್ಘ. ಸಂಬಳ ಕೈಸೇರುವುದು ತಡ. ಎಲ್ಲರಿಗೂ ಕೆಲಸ ದೊರೆಯುವುದೆಂಬ ಭರವಸೆಯಿಲ್ಲ. ಇದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು ಹಿರಿಯರ ಧರ್ಮ. ಅದರೊಡನೆ ಇನ್ನೊಂದನ್ನೂ ತಿಳಿಸಬೇಕು. 1987ರಲ್ಲಿ ಆರ್ಗಾನ್ ಅನಿಲದ ಉಪಸ್ವರಗಳನ್ನು ಕಂಡಾಗ ಲುಯಿಲಿಯೇಯವರಿಗೆ ಅದರ ಪ್ರಯೋಜನವೇನೆಂದು ಹೇಳಲು ಸಾಧ್ಯವಿರಲಿಲ್ಲ. ಸ್ಟ್ರಿಕ್ಲೆಂಡರು ಗಾಜು ಒಡೆಯದಂತೆ ಬೆಳಕನ್ನು ಬಲಪಡಿಸುವ ಯೋಚನೆಯಲ್ಲಿದ್ದಾಗ ಕಣ್ಣಿನ ಚಿಕಿತ್ಸೆಯ ಕನಸು ಅವರಿಗಿರಲಿಲ್ಲ. ಫಲವು ಬಂದದ್ದು ಆಮೇಲೆ, ಬೇರೆಯವರ ಕೈಯಿಂದ. ಈ ವಿದ್ಯೆಯಲ್ಲಿ ನೊಬೆಲ್ ಪಡೆದವರಲ್ಲಿ ಇಬ್ಬರು ಹೆಂಗಸರೆಂಬುದನ್ನೂ, ಭೌತಶಾಸ್ತ್ರದ ನೊಬೆಲ್ ಇತಿಹಾಸದಲ್ಲಿ 2023ರವರೆಗೆ ಅದನ್ನು ಪಡೆದ ಹೆಂಗಸರು ಐವರೇ ಎಂಬುದನ್ನೂ ನೆನೆದರೆ, ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಹತ್ತಿರವಾದ ಕ್ಷೇತ್ರವು ಅಪರೂಪವೆನಿಸುತ್ತದೆ.

2023ರ ಅಕ್ಟೋಬರ್ 3ರಂದು ಸ್ಟಾಕ್‌ಹೋಮಿನಿಂದ ದೂರವಾಣಿಯ ಕರೆ ಬಂದಾಗ ಲುಯಿಲಿಯೇಯವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದರು. ಬಿಡುವಿನಲ್ಲಿ ಸುದ್ದಿಯನ್ನು ಕೇಳಿದರು. ಮತ್ತೆ ತರಗತಿಗೆ ಹೋಗಿ ಉಳಿದ ಪಾಠವನ್ನು ಮುಂದುವರಿಸಿದರು. ದೇವದುರ್ಗದ ಶಾಲೆಯೊಂದರಲ್ಲಿ ಇಂದು ಬೆಳಕಿನ ಪಾಠವನ್ನು ಹೇಳುತ್ತಿರುವ ಉಪಾಧ್ಯಾಯಿನಿಗೆ ಈ ಸಂಗತಿಯು ಸಂತೋಷ ಕೊಡದಿರದು. ಅವರ ತರಗತಿಯ ಕೊನೆಯ ಬೆಂಚಿನಿಂದ ಒಂದು ಹುಡುಗಿಯು ಎದ್ದುನಿಂತು 'ಮಿಂಚಿನಲ್ಲಿ ಫ್ಯಾನು ಏಕೆ ನಿಂತಂತೆ ಕಾಣುತ್ತದೆ, ಟೀಚರ್?' ಎಂದು ಕೇಳಿದರೆ, ಪರೀಕ್ಷೆಗೆ ಬಾರದ ಪ್ರಶ್ನೆಯೆಂದು ಅವಳನ್ನು ಕೂರಿಸದೆ ಉತ್ತರ ಹೇಳಬೇಕು. ಅಂಥ ಪ್ರಶ್ನೆಗಳಿಂದಲೇ ಈ ವಿದ್ಯೆಯೆಲ್ಲ ಬೆಳೆದುಬಂದಿದೆ.